ಪೈಪು, ವೈರು ಹೋಗಿರುವ ಗೋಡೆ ತೂತು ಮುಚ್ಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಶಿವಮೊಗ್ಗದಲ್ಲಿದೆ. ಕಟ್ಟುವಾಗ ಬಿಟ್ಟ ತೂತುಗಳಿಗಿಂತ ಆಮೇಲೆ ಕೊರೆಸಿದ ತೂತುಗಳೇ ಜಾಸ್ತಿ. ಡಿಶ್ ವೈರು, ಇಂಟರ್ನೆಟ್ ವೈರು, ಇನ್ವರ್ಟರ್, ಸೋಲಾರ್ ಪೈಪು, ನೀರಿನ ಫಿಲ್ಟರ್, ಕೊನೆಗೆ ಎಸಿ. ಕೊರೆಯಲು ಬಂದವರು ಕೊರೆದು, ವೈರು ಎಳೆದು ಹೋಗಿಬಿಡುತ್ತಾರೆ. ಸುತ್ತ ಉಳಿದ ಸಂದನ್ನು ಯಾರೂ ನೋಡುವುದಿಲ್ಲ. ಇಂಥವನ್ನು ಒಂದೊಂದಾಗಿ ನಾನೇ ಮುಚ್ಚಿದ್ದೇನೆ, ಕೆಲವನ್ನು ಎರಡೆರಡು ಸಲ. ನೆಂಟರು, ಅಕ್ಕಪಕ್ಕದವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸಣ್ಣ ತೂತು ತಾನೇ, ಹಾಗೇ ಬಿಟ್ಟರೆ ಏನಾಗುತ್ತೆ?

ಸಣ್ಣದು ಅನ್ನುವುದು ನಮ್ಮ ಕಣ್ಣಿಗೆ. ಚಿಕ್ಕ ಇಲಿಗೆ 6 ಮಿ.ಮೀ. ಸಂದು ಸಾಕು, ಅಂದರೆ ಒಂದು ಪೆನ್ಸಿಲ್ ತೂರುವಷ್ಟು. ದೊಡ್ಡ ಇಲಿಗೆ ಅರ್ಧ ಇಂಚು ಸಿಕ್ಕರೆ ಸಾಕು, ಸಾಲದಿದ್ದರೆ ಕಡಿದು ದೊಡ್ಡದು ಮಾಡಿಕೊಳ್ಳುತ್ತದೆ. ಜಿರಳೆ ಮರಿಗೆ ಇನ್ನೂ ಕಡಿಮೆ ಜಾಗ ಬೇಕು. ಮಲೆನಾಡು, ಕರಾವಳಿ ಕಡೆ ಇಲಿಯ ಹಿಂದೆಯೇ ಹಾವು ಬರುವುದೂ ಉಂಟು. ಇವೆಲ್ಲ ಬರದಿದ್ದರೂ ಮಳೆ ನೀರು ಬರುತ್ತದೆ. ಹೊರಗೋಡೆಯ ತೂತಿನಲ್ಲಿ ಇಳಿದ ನೀರು ಅಲ್ಲೇ ನಿಲ್ಲುವುದಿಲ್ಲ, ಇಟ್ಟಿಗೆಯೊಳಗೆ ಹರಡಿ ಎರಡು ಅಡಿ ಆಚೆ ಗೋಡೆಯ ಬಣ್ಣ ಉಬ್ಬಿಸುತ್ತದೆ. ಆಗ ನಾವು ಬಣ್ಣದವರನ್ನು ಬೈಯುತ್ತೇವೆ.

ಅಂಗಡಿಗೆ ಹೋದರೆ ಹತ್ತು ಥರ ತೋರಿಸ್ತಾರೆ. ಯಾವುದು ತರಬೇಕು?

ಅಂಗಡಿಗೆ ಹೋಗುವ ಮೊದಲು ತೂತಿನ ಎದುರು ನಿಂತು ನೋಡಿ: ಇದರಲ್ಲಿ ಹೋಗಿರುವುದು ಏನು? ಅದು ಅಲುಗಾಡುತ್ತದಾ, ಬಿಸಿಯಾಗುತ್ತದಾ? ಮುಂದೆ ಅದನ್ನು ಎಳೆದು ಬದಲಿಸಬೇಕಾಗುತ್ತದಾ? ನಾನು ಮಾಡಿದ ತಪ್ಪುಗಳೆಲ್ಲ ಇದನ್ನು ನೋಡದೆ ಕೈಗೆ ಸಿಕ್ಕಿದ್ದನ್ನು ತುಂಬಿದ್ದರಿಂದಲೇ ಆದವು.

ಅಲುಗಾಡದ ತಣ್ಣೀರಿನ ಪೈಪು, ಸುತ್ತ ಒಂದು ಇಂಚಿಗಿಂತ ದೊಡ್ಡ ಸಂದು ಇದ್ದರೆ ಸಿಮೆಂಟು ಮರಳಿನ ಗಾರೆಯೇ ಸರಿ. ಬಹಳ ಸಣ್ಣ ಸಂದಾದರೆ, ಒಳಗೋಡೆಯಲ್ಲಿ, ವೈಟ್ ಸಿಮೆಂಟ್ ಸಾಕು. ಬಿಸಿಯಾಗುವ, ನಡುಗುವ, ಎಳೆದಾಡುವ ಪೈಪಿಗೆ ಸಿಲಿಕೋನ್ ಥರದ್ದು ಬೇಕು, ಒಣಗಿದ ಮೇಲೂ ರಬ್ಬರಿನಂತೆ ಜಗ್ಗುತ್ತದೆ. ಬಣ್ಣ ಬಳಿಯಬೇಕಾದ ಜಾಗವಾದರೆ ಸಿಲಿಕೋನ್ ಬೇಡ, ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ, ಅಕ್ರಿಲಿಕ್ ಸೀಲೆಂಟ್ ಕೇಳಿ. ಎರಡು ಉಂಡೆ ಕಲಸಿ ಹಚ್ಚುವ ಎಂ-ಸೀಲ್ ಥರದ ಎಪಾಕ್ಸಿ ಒದ್ದೆ ತಾಗುವ ಸಣ್ಣ ಜಾಗಕ್ಕೆ ಒಳ್ಳೆಯದು, ಆದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಪೈಪು ಬಿಚ್ಚಬೇಕೆಂದರೆ ಉಳಿ ಹಿಡಿಯಬೇಕು. ಹಾಗಾಗಿ ನಲ್ಲಿಯ ಜಾಯಿಂಟಿನ ಮೇಲೆ ಅದನ್ನು ಮೆತ್ತಬೇಡಿ.

ವೈಟ್ ಸಿಮೆಂಟು ಮತ್ತು ವಾಲ್ ಪುಟ್ಟಿ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಪುಟ್ಟಿ ಇರುವುದು ಗೋಡೆಯ ಮೇಲ್ಮೈ ನುಣುಪು ಮಾಡಲು, ಒಂದೆರಡು ಮಿ.ಮೀ. ದಪ್ಪಕ್ಕೆ. ಆಳದ ತೂತಿಗೆ ಅದನ್ನೇ ತುರುಕಿದರೆ ಒಣಗಿ, ಕುಗ್ಗಿ, ಬಿರಡೆಯಂತೆ ಇಡಿಯಾಗಿ ಹೊರಗೆ ಬರುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಬಹುದಾ? ಬೇಗ ಗಟ್ಟಿಯಾಗುತ್ತಲ್ವಾ?

ಪೈಪಿನ ಸುತ್ತ ಬೇಡ. ನೀರು ಕುಡಿದು ಮೆತ್ತಗಾಗುತ್ತದೆ, ಕಬ್ಬಿಣದ ಪೈಪಿಗೆ ಒದ್ದೆ ಪಿಒಪಿ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ. ಒಣ ಕೋಣೆಯಲ್ಲಿ ಸ್ವಿಚ್ ಬೋರ್ಡಿನ ಪಕ್ಕ ಸ್ವಲ್ಪ ಸರಿ ಮಾಡಲು ಆದೀತು, ಅಷ್ಟೇ.

ಅಡುಗೆಮನೆ ಸಿಂಕ್ ಕೆಳಗೆ ಪೈಪಿನ ಸುತ್ತ ದೊಡ್ಡ ತೂತಿದೆ, ಜಿರಳೆ ಬರ್ತಾವೆ. ಹೇಗೆ ಮುಚ್ಚಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೊದಲು ಪೈಪು ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸಿಂಕ್ ತುಂಬ ನೀರು ತುಂಬಿಸಿ ಒಮ್ಮೆಲೇ ಬಿಡಿ, ಜಾಯಿಂಟಿನ ಸುತ್ತ ಒಣ ಟಿಶ್ಯೂ ಹಿಡಿದು ನೋಡಿ. ಒಂದು ಹನಿ ಒದ್ದೆಯಾದರೂ ಮೊದಲು ಅದನ್ನು ಸರಿ ಮಾಡಿಸಿ.

ಆಮೇಲೆ ತೂತಿನ ಅಂಚಿನಲ್ಲಿ ಅಲುಗುವ ಗಾರೆ, ಹಳೆ ಪುಟ್ಟಿ, ಜಿಡ್ಡು ಎಲ್ಲ ಉಳಿಯಿಂದ ಕೆತ್ತಿ ತೆಗೆಯಿರಿ. ಸಿಂಕ್ ಕೆಳಗೆ ಎಣ್ಣೆ ಜಿಡ್ಡು ಇದ್ದೇ ಇರುತ್ತದೆ, ಪಾತ್ರೆ ಸೋಪಿನ ನೀರಿನಿಂದ ಉಜ್ಜಿ ತೊಳೆಯಿರಿ. ಜಿಡ್ಡಿನ ಮೇಲೆ ಯಾವುದೂ ಹಿಡಿಯುವುದಿಲ್ಲ. ಗಾರೆ ಹಾಕುವುದಾದರೆ ತೂತಿನ ಒಳಭಾಗವನ್ನು ಬಾಯಿಗಿಂತ ಸ್ವಲ್ಪ ಅಗಲ ಮಾಡಿ, ಆಗ ಹಾಕಿದ ಗಾರೆ ಬೀಗ ಹಾಕಿದಂತೆ ಕೂರುತ್ತದೆ, ಮುಂದಕ್ಕೆ ಜಾರುವುದಿಲ್ಲ.

ಬ್ರಷ್ಷಿನಿಂದ ಪುಡಿ ತೆಗೆದು ಚೆನ್ನಾಗಿ ನೀರು ಕುಡಿಸಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಒಣ ಇಟ್ಟಿಗೆ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ, ಸಿಮೆಂಟಿಗೆ ಗಟ್ಟಿಯಾಗಲು ಬೇಕಾದ ನೀರೇ ಉಳಿಯುವುದಿಲ್ಲ, ಎರಡು ದಿನಕ್ಕೆ ಬೆರಳಿಂದ ಉದುರುತ್ತದೆ. ಅಂಚಿಗೆ ತೆಳ್ಳಗೆ ಕಲಸಿದ ಸಿಮೆಂಟಿನ ಹಾಲು ಬಳಿದು, ಅದು ಒದ್ದೆ ಇರುವಾಗಲೇ 1 ಪಾಲು ಸಿಮೆಂಟು, 3 ಪಾಲು ಜರಡಿ ಹಿಡಿದ ಮರಳಿನ ಗಾರೆ ಒತ್ತಿ. ಹದ ರೊಟ್ಟಿ ಹಿಟ್ಟಿನಷ್ಟಿರಲಿ, ನೀರಾದರೆ ಜಾರುತ್ತದೆ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಮುಗಿಸಿ.

ತೂತು ಆಳವಾಗಿದ್ದರೆ ಒಂದೇ ಸಲ ತುಂಬಬೇಡಿ. ಒದ್ದೆ ಮಾಡಿದ ಇಟ್ಟಿಗೆ ಚೂರು ಸೇರಿಸಿ ಮುಕ್ಕಾಲು ಭಾಗ ತುಂಬಿ, ಮರುದಿನ ಮೇಲಿನ ಪದರ ಹಾಕಿ ಕರಣೆಯಿಂದ ಸಮ ಮಾಡಿ. ಮೂರು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಅಥವಾ ಒದ್ದೆ ಬಟ್ಟೆ ಒತ್ತಿಡಿ.

ಒಂದು ಮಾತು. ಸಿಂಕಿನಿಂದ ಬರುವ ಬಿಳಿ ಮಡಚು ಪೈಪನ್ನು ಗಾರೆಯಲ್ಲಿ ಹೂಳಬೇಡಿ. ಅದು ಕೆಲವೇ ವರ್ಷಕ್ಕೆ ಬದಲಿಸುವ ವಸ್ತು. ಗೋಡೆಯೊಳಗೆ ಗಟ್ಟಿ ಪಿವಿಸಿ ಪೈಪಿನ ತುಂಡನ್ನು ಕೂರಿಸಿ, ಅದರ ಸುತ್ತ ಗಾರೆ ಹಾಕಿ, ಮಡಚು ಪೈಪನ್ನು ಅದರೊಳಗೆ ತೂರಿಸಿ. ಎರಡರ ನಡುವಿನ ಸಂದಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರಬ್ಬರ್ ರಿಂಗ್ ಹಾಕಿದರೆ ಜಿರಳೆಯೂ ಬರುವುದಿಲ್ಲ, ವಾಸನೆಯೂ ಬರುವುದಿಲ್ಲ.

ಸಿಮೆಂಟು ಕಲಸುವಾಗ ಕೈಗೆ ಗವಸು ಹಾಕಿ. ಅದರ ಸುಣ್ಣದ ಗುಣ ಚರ್ಮ ಸುಡುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ ಧಾರಾಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಸಿಲಿಕೋನ್ ಹಾಕಿದ್ದೆ, ಇಲಿ ಕಡಿದು ಮತ್ತೆ ದಾರಿ ಮಾಡಿದೆ. ಈಗ?

ಇಲಿಯ ಮುಂದಿನ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಅದು ಏನನ್ನಾದರೂ ಕಡಿಯಲೇಬೇಕು. ಸಿಲಿಕೋನ್, ಫೋಮ್, ಬಟ್ಟೆ, ಪ್ಲಾಸ್ಟಿಕ್ ಯಾವುದೂ ಅದಕ್ಕೆ ಲೆಕ್ಕವಿಲ್ಲ.

ಒಳಗೆ ಲೋಹ ಇರಬೇಕು. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬರ್ ಬಿಡಿಸಿ ಪೈಪಿನ ಸುತ್ತ ಬಿಗಿಯಾಗಿ ತುರುಕಿ, ಅದರ ಮೇಲೆ ಗಾರೆಯೋ ಸಿಲಿಕೋನೋ ಹಾಕಿ. ತುಕ್ಕು ಹಿಡಿಯದ ಸ್ಟೀಲ್ ಆಗಿರಲಿ, ಸಾದಾ ಕಬ್ಬಿಣದ ನಾರಾದರೆ ಒಂದು ಮಳೆಗಾಲದಲ್ಲಿ ಪುಡಿಯಾಗಿ ಗೋಡೆ ತುಂಬ ಕಂದು ಕಲೆ ಇಳಿಯುತ್ತದೆ. ದೊಡ್ಡ ತೂತಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಪೈಪಿನ ಅಳತೆಗೆ ಕತ್ತರಿಸಿ ಮೊಳೆ ಹೊಡೆದು ಅದರ ಮೇಲೆ ಗಾರೆ ಹಾಕಿ. ಹಿಂದೆ ನಮ್ಮ ಕಡೆ ಗಾರೆಯಲ್ಲಿ ಗಾಜಿನ ಚೂರು ಬೆರೆಸಿ ಹಾಕುತ್ತಿದ್ದರು. ಇಲಿಗೆ ಅದು ತಡೆಯೇ. ಆದರೆ ನಾಳೆ ಅದೇ ಪೈಪು ಬಿಚ್ಚಲು ಬರುವ ಪ್ಲಂಬರನ ಕೈ ಕೊಯ್ಯುತ್ತದೆ, ದಯವಿಟ್ಟು ಹಾಕಬೇಡಿ.

ಕರೆಂಟ್ ವೈರು ಬರಿಯಾಗಿ ಹೋಗಿರುವ ತೂತಿಗೆ ಸ್ಟೀಲ್ ನಾರು ತುರುಕಲೇಬಾರದು. ವೈರಿನ ಹೊದಿಕೆ ತೂತಾದರೆ ನಾರಿಗೂ ಕರೆಂಟ್ ಬರುತ್ತದೆ. ಮೊದಲು ವೈರಿಗೆ ಪಿವಿಸಿ ಪೈಪು ಹಾಕಿಸಿ, ಆಮೇಲೆ ಅದರ ಹೊರಗೆ ತುಂಬಿ.

ತೂತೊಳಗೆ ಈಗಲೇ ಇಲಿ ಇದ್ದರೆ? ಮುಚ್ಚಿದ ಮೇಲೆ ಒಳಗೇ ಸತ್ತರೆ?

ಸತ್ತರೆ ವಾರಗಟ್ಟಲೆ ವಾಸನೆ, ಗೋಡೆ ಒಡೆಯದೆ ಬೇರೆ ದಾರಿ ಇಲ್ಲ. ಅದಕ್ಕೇ ಮೊದಲು ತೂತಿಗೆ ಹಳೆ ಪೇಪರನ್ನು ಉಂಡೆ ಮಾಡಿ ಸಡಿಲವಾಗಿ ಇಡಿ. ಮೂರು ದಿನ ಪೇಪರ್ ಅಲುಗದಿದ್ದರೆ ಅಲ್ಲಿ ಓಡಾಟ ಇಲ್ಲ, ಮುಚ್ಚಿ. ಪೇಪರ್ ಹೊರಗೆ ಬಿದ್ದಿದ್ದರೆ ಮೊದಲು ಬೋನು ಇಡಿ. ಹಳೆ ಎಸಿಯ ತೂತು, ಎಕ್ಸಾಸ್ಟ್ ಫ್ಯಾನಿನ ತೂತುಗಳಲ್ಲಿ ಗುಬ್ಬಿಯೋ ಮೈನಾವೋ ಗೂಡು ಕಟ್ಟಿರುತ್ತವೆ. ಟಾರ್ಚ್ ಬಿಟ್ಟು ನೋಡಿ. ಮರಿ ಇದ್ದರೆ ಹಾರಿ ಹೋಗುವವರೆಗೆ ಕೆಲವು ವಾರ ಕಾಯೋಣ, ಏನೂ ಹಾಳಾಗುವುದಿಲ್ಲ.

ಗೀಸರ್ ಪೈಪಿನ ಸುತ್ತ ಎಷ್ಟು ಸಲ ಸಿಮೆಂಟ್ ಹಾಕಿದರೂ ಬಿರುಕು ಬಿಡುತ್ತೆ. ಯಾಕೆ?

ಪೈಪು ಉದ್ದ ಆಗುತ್ತದೆ, ಅದಕ್ಕೆ. ಬಿಸಿನೀರಿಗೆ ಹಾಕುವ ಸಿಪಿವಿಸಿ ಪೈಪಿನಲ್ಲಿ 25 ಡಿಗ್ರಿಯಿಂದ 60 ಡಿಗ್ರಿಗೆ ನೀರು ಬಿಸಿಯಾದರೆ ಒಂದು ಮೀಟರಿಗೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ, ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ದಿನಾ ಬೆಳಿಗ್ಗೆ ಸ್ನಾನದ ಹೊತ್ತಿಗೆ ಹೀಗೆ ಹಿಂದೆ ಮುಂದೆ ಸರಿಯುವ ಪೈಪನ್ನು ಸಿಮೆಂಟು ಹಿಡಿದಿಡಲಾರದು. ಸೋಲಾರ್ ಪೈಪು ತಾರಸಿಯಿಂದ ಇಳಿದು ಬರುವುದರಿಂದ ಇನ್ನೂ ಉದ್ದ, ಅದರ ಎಳೆತವೂ ಜಾಸ್ತಿ.

ಪೈಪಿಗಿಂತ ಒಂದು ಅಳತೆ ದೊಡ್ಡ ಪೈಪಿನ ತುಂಡನ್ನು ಗೋಡೆಯಲ್ಲಿ ಗಾರೆ ಹಾಕಿ ಕೂರಿಸಿ. ಬಿಸಿನೀರಿನ ಪೈಪು ಅದರೊಳಗೆ ಆರಾಮಾಗಿ ಜಾರಲಿ. ಎರಡರ ನಡುವಿನ ಸಂದಿನ ಬಾಯಿಗೆ ಮಾತ್ರ ಸಿಲಿಕೋನ್ ಎಳೆಯಿರಿ. ಈಗಾಗಲೇ ಪೈಪು ಹಾಕಿಯಾಗಿದ್ದರೆ ದೊಡ್ಡ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಬಿಡಿಸಿ ಮೇಲಿಂದ ತೊಡಿಸಬಹುದು. ನಮ್ಮ ಮನೆಯಲ್ಲಿ ಮಾಡಿದ್ದು ಹಾಗೇ, ಆಮೇಲೆ ಬಿರುಕು ಬಂದಿಲ್ಲ. ಸಿಪಿವಿಸಿಗೆ ಪೇಂಟ್ ಥಿನ್ನರ್, ಸೀಮೆಎಣ್ಣೆ ಹಾಕಿ ಒರೆಸಬೇಡಿ. ಪೈಪು ಒಳಗಿಂದೊಳಗೆ ಸೀಳು ಬಿಡುತ್ತದೆ.

ಇಂಟರ್ನೆಟ್ ವೈರಿನ ತೂತಿನಿಂದ ಮಳೆ ನೀರು ಒಳಗೆ ಬರ್ತಿದೆ. ಸಿಲಿಕೋನ್ ಹಾಕಿದರೆ ನಿಲ್ಲುತ್ತಾ?

ಸಿಲಿಕೋನ್ ಅರ್ಧ ಕೆಲಸ ಮಾಡುತ್ತದೆ. ನಮ್ಮ ಮನೆಗೆ ವೈರು ಹಾಕಲು ಬಂದ ಹುಡುಗ ಹಾಲ್ ಒಳಗಿನಿಂದ ನಿಂತು, ಡ್ರಿಲ್ಲನ್ನು ಸ್ವಲ್ಪ ಮೇಲ್ಮುಖವಾಗಿ ಹಿಡಿದು ಕೊರೆದಿದ್ದ. ಅಂದರೆ ತೂತು ಹೊರಗೆ ಎತ್ತರ, ಒಳಗೆ ತಗ್ಗು. ಜುಲೈ ತಿಂಗಳ ಒಂದು ರಾತ್ರಿ ಜಡಿಮಳೆಗೆ ನೀರು ವೈರು ಹಿಡಿದುಕೊಂಡೇ ಒಳಗೆ ಇಳಿದು, ಕೆಳಗಿದ್ದ ಪ್ಲಗ್ ಪಾಯಿಂಟಿನ ಮೇಲೆ ಹನಿಯುತ್ತಿತ್ತು. ಅಮ್ಮ ನೋಡಿ ಕೂಗದಿದ್ದರೆ ಏನಾಗುತ್ತಿತ್ತೋ. ಆವತ್ತಿನಿಂದ ಯಾರು ಡ್ರಿಲ್ ಹಿಡಿದು ಬಂದರೂ ನಾನು ಪಕ್ಕದಲ್ಲೇ ನಿಲ್ಲುತ್ತೇನೆ.

ಯಾವ ಹೊರಗೋಡೆಯ ತೂತೇ ಆಗಲಿ, ಹೊರಗಡೆಗೆ ಸ್ವಲ್ಪ ಇಳಿಜಾರು ಇರಬೇಕು. ವೈರು ತೂತಿಗೆ ಸೇರುವ ಮೊದಲು ಹೊರಗೆ ಒಂದು ಜೋಲು ಬಿಡಬೇಕು: ವೈರು ತೂತಿಗಿಂತ ಅರ್ಧ ಅಡಿ ಕೆಳಗೆ ಇಳಿದು, ಮತ್ತೆ ಮೇಲೆ ಹತ್ತಿ ಒಳಗೆ ಹೋಗಬೇಕು. ವೈರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ತೂತಿನವರೆಗೆ ಬರುವುದೇ ಇಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಜೋಲು ಬಿಟ್ಟ ಮೇಲೆ ಹೊರಗಡೆಯ ಬಾಯಿಗೆ ಸಿಲಿಕೋನ್ ಹಚ್ಚಿ.

ತೂತೇ ಒಳಮುಖ ಇಳಿಜಾರಿದ್ದರೆ ಅದನ್ನು ಗಾರೆ ತುಂಬಿ ಪೂರ್ತಿ ಮುಚ್ಚಿ, ಪಕ್ಕದಲ್ಲಿ ಸರಿಯಾಗಿ ಇನ್ನೊಂದು ಕೊರೆಸಿ. ಫೈಬರ್ ವೈರಿನೊಳಗೆ ಇರುವುದು ಕೂದಲಿನಷ್ಟು ತೆಳುವಾದ ಗಾಜಿನ ಎಳೆ, ಹಾಗಾಗಿ ಜೋಲು ಬಿಡುವಾಗ ಬಳೆಯ ಸುತ್ತಿಗಿಂತ ಚಿಕ್ಕದಾಗಿ ಬಗ್ಗಿಸಬೇಡಿ. ಅದರ ಸುತ್ತ ಸಿಮೆಂಟು ಹಾಕುವುದೂ ಬೇಡ, ಮುಂದೆ ಬದಲಿಸಲು ಎಳೆದರೆ ಬರುವುದಿಲ್ಲ.

ಕರೆಂಟ್ ವೈರಿನ ಹತ್ತಿರ ಕೆಲಸ ಮಾಡುವಾಗ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಆಫ್ ಮಾಡಿದರೆ ಸಾಕಲ್ವಾ?

ಸಾಲದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇದೆ. ಮೇನ್ ಆಫ್ ಮಾಡಿದ ತಕ್ಷಣ ಕರೆಂಟ್ ಹೋಯಿತು ಅಂದುಕೊಂಡು ಇನ್ವರ್ಟರ್ ತಾನೇ ಶುರುವಾಗುತ್ತದೆ, ಅದರ ಲೈನಿನಲ್ಲಿ 230 ವೋಲ್ಟ್ ಹಾಗೇ ಹರಿಯುತ್ತಿರುತ್ತದೆ. ಮೇನೂ ಆಫ್, ಇನ್ವರ್ಟರೂ ಆಫ್ ಮಾಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಇಟ್ಟು ಅದು ಕೆಲಸ ಮಾಡುತ್ತಿದೆಯಾ ನೋಡಿಕೊಂಡು, ಆಮೇಲೆ ಆಫ್ ಮಾಡಿ ವೈರಿನಲ್ಲಿ ನೋಡಿ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ತಕ್ಷಣ ತಾನೇ ಲೈನ್ ಕಡಿಯುವ ಸ್ವಿಚ್, ಇಲ್ಲದಿದ್ದರೆ, ಗೋಡೆ ತೂತು ಮುಚ್ಚುವುದಕ್ಕಿಂತ ಮೊದಲು ಅದನ್ನು ಹಾಕಿಸಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಗೋಡೆ ಕೆತ್ತುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕಕ್ಕೆ ಉಳಿ ಇಡಬೇಡಿ. ನಮ್ಮ ಮನೆಗಳಲ್ಲಿ ವೈರಿನ ಪೈಪು ಸಾಮಾನ್ಯವಾಗಿ ತಾರಸಿಯಿಂದ ಬೋರ್ಡಿಗೆ ನೇರ ಇಳಿದಿರುತ್ತದೆ.

ಕಂಬದಿಂದ ಮೀಟರಿಗೆ ಬರುವ ಸರ್ವೀಸ್ ವೈರಿನ ತೂತು ಮಾತ್ರ ಮುಟ್ಟಲೇಬೇಡಿ. ಅಲ್ಲಿ ನಿಮ್ಮ ಮೇನ್ ಆಫ್ ಮಾಡಿದರೂ ಕರೆಂಟ್ ಇರುತ್ತದೆ. ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಕರೆಂಟ್ ತೆಗೆದ ಮೇಲೇ ಕೆಲಸ.

ವೈರಿನ ಮೇಲೆ ನೇರವಾಗಿ ಸಿಮೆಂಟ್ ಬಳಿದರೆ ಏನು? ಥರ್ಮಾಕೋಲ್ ತುರುಕಿದರೆ?

ಎರಡೂ ತಪ್ಪು. ಸಿಮೆಂಟಿನಲ್ಲಿ ಹೂತ ವೈರನ್ನು ಮತ್ತೆ ಎಳೆಯಲಾಗುವುದಿಲ್ಲ, ಒಳಗೆ ಎಲ್ಲಿ ಹಾಳಾಗಿದೆ ಅಂತ ತಿಳಿಯುವುದೂ ಇಲ್ಲ. ವೈರು ಗೋಡೆ ದಾಟುವುದು ಪೈಪಿನೊಳಗೇ ಆಗಬೇಕು. ಥರ್ಮಾಕೋಲ್ ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಪಿವಿಸಿ ವೈರಿನ ಹೊದಿಕೆ ಮೆತ್ತಗಿರಲು ಅದರಲ್ಲಿ ಒಂದು ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಥರ್ಮಾಕೋಲ್ ತಾಗಿಕೊಂಡೇ ಇದ್ದರೆ ಅದು ನಿಧಾನವಾಗಿ ಥರ್ಮಾಕೋಲಿಗೆ ಇಳಿದು ವೈರಿನ ಹೊದಿಕೆ ಒಣಗಿ ಬಿರುಕು ಬಿಡುತ್ತದೆ, ಥರ್ಮಾಕೋಲೂ ಕರಗಿದಂತೆ ಅಂಟುತ್ತದೆ. ಟಿವಿ ಡಬ್ಬದ ಥರ್ಮಾಕೋಲ್ ತುಂಡು ಕೈಗೆ ಸಿಕ್ಕಿತು ಅಂತ ತುರುಕಬೇಡಿ.

ಫೋಮ್ ಸ್ಪ್ರೇ ಎಲ್ಲದಕ್ಕೂ ಆಗುತ್ತಂತೆ, ಹೌದಾ?

ಉಪಯೋಗದ್ದೇ, ಆದರೆ ಎಲ್ಲದಕ್ಕೂ ಅಲ್ಲ. ಕೈ ಹೋಗದ ಆಳದ, ಅಡ್ಡಾದಿಡ್ಡಿ ತೂತಿಗೆ ಈ ಪಿಯು (ಪಾಲಿಯುರೆಥೇನ್) ಫೋಮ್‌ನಷ್ಟು ಸುಲಭ ಬೇರೆ ಇಲ್ಲ. ತೂತಿಗೆ ಸ್ವಲ್ಪ ನೀರು ಚಿಮುಕಿಸಿ, ಏಕೆಂದರೆ ಅದು ತೇವ ಹೀರಿಯೇ ಗಟ್ಟಿಯಾಗುವುದು. ಅರ್ಧಕ್ಕಿಂತ ಕಡಿಮೆ ತುಂಬಿ, ಉಳಿದದ್ದು ತಾನೇ ಉಬ್ಬುತ್ತದೆ. ಗವಸು ಹಾಕಿ, ಕಿಟಕಿ ತೆಗೆದಿಡಿ. ಚರ್ಮಕ್ಕೆ ಅಂಟಿ ಒಣಗಿದರೆ ದಿನಗಟ್ಟಲೆ ಹೋಗುವುದಿಲ್ಲ.

ಬಿಸಿಲಿಗೆ ಬಿಟ್ಟರೆ ಹಳದಿಯಾಗಿ ಪುಡಿಪುಡಿಯಾಗುತ್ತದೆ, ಹೊರಗಡೆ ಮೇಲೆ ಗಾರೆಯೋ ಪೇಂಟೋ ಬೇಕೇ ಬೇಕು. ಇಲಿ ಕಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಬೆಂಕಿ ಹಿಡಿಯುತ್ತದೆ. ಒಲೆ, ಗೀಸರಿನ ಹೊಗೆ ಪೈಪು, ಮೀಟರ್ ಬೋರ್ಡಿನ ಹತ್ತಿರ ಸಾಮಾನ್ಯ ಫೋಮ್ ಬೇಡ.

ಎಸಿ ಪೈಪಿನ ಸುತ್ತ ಏನು ಹಾಕಬೇಕು?

ಎಸಿ ಕೂರಿಸುವವರು ಒಣಗದ ಮೇಣದಂಥ ಪುಟ್ಟಿ ತರುತ್ತಾರೆ, ಕೇಳಿ ಹಾಕಿಸಿಕೊಳ್ಳಿ. ನಾಳೆ ಸರ್ವೀಸ್ ಮಾಡುವಾಗ ಕೈಯಿಂದಲೇ ತೆಗೆಯಬಹುದು. ಹೊರಗಡೆಗೆ ಸಿಲಿಕೋನ್ ಹಾಕುವುದಾದರೆ ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದಿರುವುದನ್ನೇ ತನ್ನಿ. ಹುಳಿ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ, ಸಿಮೆಂಟಿನ ಮೇಲೂ ಸರಿಯಾಗಿ ಹಿಡಿಯುವುದಿಲ್ಲ. ಕಪ್ಪು ಸ್ಪಂಜಿನ ಹೊದಿಕೆ ಗೋಡೆಯೊಳಗೂ ಮುಂದುವರಿದಿರಬೇಕು. ಇಲ್ಲದಿದ್ದರೆ ತಣ್ಣನೆಯ ತಾಮ್ರದ ಮೇಲೆ ನೀರು ಬೆವರಿ ಗೋಡೆ ಒದ್ದೆಯಾಗುತ್ತದೆ, ನೀವು ಮಳೆ ನೀರು ಅಂದುಕೊಳ್ಳುತ್ತೀರಿ.

ಸಿಲಿಂಡರ್ ಹೊರಗಿಟ್ಟು ಗೋಡೆ ತೂತಿನಿಂದ ರಬ್ಬರ್ ಪೈಪು ತಂದಿದ್ದೀವಿ. ಸುತ್ತ ಸಿಮೆಂಟ್ ಹಾಕಲಾ?

ಬೇಡ. ರಬ್ಬರ್ ಪೈಪು ಗೋಡೆ ದಾಟಲೇಬಾರದು. ಅದು ಪೂರ್ತಿ ಕಣ್ಣಿಗೆ ಕಾಣುವಂತಿರಬೇಕು, ಗ್ಯಾಸ್ ಏಜೆನ್ಸಿಯವರು ಕೊಡುವ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಗೋಡೆಯೊಳಗೆ ಅದು ಸವೆದರೂ, ಇಲಿ ಕಡಿದರೂ ಗೊತ್ತಾಗುವುದಿಲ್ಲ. ಸಿಲಿಂಡರ್ ಹೊರಗೇ ಇರಬೇಕಾದರೆ ಏಜೆನ್ಸಿಯವರಿಗೆ ಹೇಳಿ ಲೋಹದ ಪೈಪು ಹಾಕಿಸಿ. ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಬಂದಿರುವ ಪೈಪ್ ಗ್ಯಾಸಿನ ತೂತನ್ನೂ ನೀವು ಮುಟ್ಟಬೇಡಿ, ಕಂಪನಿಯವರೇ ಮುಚ್ಚಲಿ. ಸಿಲಿಂಡರ್ ಸೋರಿಕೆ ಅನ್ನಿಸಿದರೆ 1906ಕ್ಕೆ ಫೋನ್ ಮಾಡಿ, ಸ್ವಿಚ್ ಮುಟ್ಟಬೇಡಿ.

ಮುಚ್ಚಲೇಬಾರದ ತೂತು ಯಾವುದಾದರೂ ಇದೆಯಾ?

ಇದೆ. ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿನ ಗಾಳಿಕಿಂಡಿ, ಜಾಲಂದ್ರ, ಎಕ್ಸಾಸ್ಟ್ ತೂತು ಯಾವುದನ್ನೂ ಮುಚ್ಚಬೇಡಿ. ಚಳಿಗಾಲದಲ್ಲಿ ಗಾಳಿ ಬರುತ್ತದೆ, ಸೊಳ್ಳೆ ಬರುತ್ತದೆ ಅಂತ ರಟ್ಟು ಹೊಡೆದು ಮುಚ್ಚುತ್ತಾರೆ. ಗ್ಯಾಸ್ ಉರಿಯಲು ಗಾಳಿ ಸಾಲದಿದ್ದಾಗ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಯನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ಮತ್ತೆ ಮತ್ತೆ ಓದಿದ್ದೇನೆ. ಗೀಸರನ್ನೇ ಬಾತ್‌ರೂಮಿನ ಹೊರಗೆ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಅಡುಗೆಮನೆಯಲ್ಲಿ ನೆಲದ ಹತ್ತಿರ ಬಿಟ್ಟಿರುವ ಕಿಂಡಿಯೂ ಹಾಗೇ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿ ನಿಲ್ಲುತ್ತದೆ, ಅದು ಹೊರಗೆ ಹೋಗಲು ಇರುವ ದಾರಿ ಆ ಕಿಂಡಿ. ಜಿರಳೆ, ಇಲಿ ಬರುತ್ತಿದ್ದರೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ಧೂಳು ಕಟ್ಟದಂತೆ ಆಗಾಗ ಉಜ್ಜಿ.

ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪು, ಸಂಪಿನ ಓವರ್‌ಫ್ಲೋ ಪೈಪು ಇವಕ್ಕೂ ಸೊಳ್ಳೆಬಲೆ ಕಟ್ಟಿ ಸಾಕು, ಬಿರಡೆ ಹಾಕಬೇಡಿ.

ಗೋಡೆ ಒದ್ದೆಯಾಗಿದೆ. ಮೊದಲು ಮುಚ್ಚಲಾ, ಒಣಗಲು ಬಿಡಲಾ?

ಒದ್ದೆ ಎಲ್ಲಿಂದ ಅಂತ ಹುಡುಕಿ. ಮನೆಯ ಎಲ್ಲ ನಲ್ಲಿ ಬಂದ್ ಮಾಡಿ, ರಾತ್ರಿ ಮಲಗುವಾಗ ತಾರಸಿಯ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ಏಳುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಪೈಪು ಎಲ್ಲೋ ಸೋರುತ್ತಿದೆ. ಅದನ್ನು ಬಿಟ್ಟು ತೂತು ಮುಚ್ಚಿದರೆ ಹೊರಗೆ ಬರುತ್ತಿದ್ದ ನೀರನ್ನು ಗೋಡೆಯೊಳಗೆ ಕೂಡಿಹಾಕಿದಂತೆ ಆಗುತ್ತದೆ.

ನಮ್ಮದು ಮುರಕಲ್ಲಿನ ಮನೆ, ಹಿಂದಿನ ಕೋಣೆ ಮಣ್ಣಿನ ಗೋಡೆ. ಇದೇ ವಿಧಾನ ನಡೆಯುತ್ತಾ?

ಮುರಕಲ್ಲಿಗೆ ನಡೆಯುತ್ತದೆ, ಆದರೆ ಅದು ತೂತು ತೂತಿನ ಕಲ್ಲು, ಇಟ್ಟಿಗೆಗಿಂತ ಜಾಸ್ತಿ ನೀರು ಕುಡಿಸಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಬೇಡ. ಮಣ್ಣು ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಹಾಗೆ ಮಾಡುವುದಿಲ್ಲ, ಸುತ್ತ ಬಿಟ್ಟುಕೊಳ್ಳುತ್ತದೆ. ಅದೇ ಮಣ್ಣಿಗೆ ಸುಣ್ಣ, ಸಣ್ಣಗೆ ಕತ್ತರಿಸಿದ ಹುಲ್ಲು ಬೆರೆಸಿ ಎರಡು ದಿನ ಕೊಳೆಯಲು ಬಿಟ್ಟು ಮೆತ್ತಿ. ಟೊಳ್ಳು ಬ್ಲಾಕಿನ ಗೋಡೆಯಾದರೆ ಗಾರೆ ಹಾಕುತ್ತಾ ಹೋದಂತೆ ಒಳಗೆ ಬೀಳುತ್ತಲೇ ಇರುತ್ತದೆ. ಮೊದಲು ಜಾಲರಿಯ ಉಂಡೆ ತುರುಕಿ ತಳ ಮಾಡಿಕೊಳ್ಳಿ.

ಅಪಾರ್ಟ್‌ಮೆಂಟಿನ ಶಾಫ್ಟ್‌ನಲ್ಲಿ (ಪೈಪು, ವೈರು ಮೇಲಿಂದ ಕೆಳಗೆ ಹೋಗುವ ಜಾಗ) ಮಹಡಿಯಿಂದ ಮಹಡಿಗೆ ತೂತು ಹಾಗೇ ಇದೆ. ನಾವೇ ಮುಚ್ಚಬಹುದಾ?

ಅದು ಅಸೋಸಿಯೇಷನ್ ಮಾಡಿಸಬೇಕಾದ ಕೆಲಸ, ಬಿಡದೆ ಕೇಳಿ. ಕರೆಂಟ್ ಶಾಫ್ಟಿನಲ್ಲಿ ಬೆಂಕಿ ಹತ್ತಿದರೆ ಆ ತೂತುಗಳು ಹೊಗೆಗೂಡಿನಂತೆ ಕೆಲಸ ಮಾಡಿ ಕೆಳಗಿನ ಹೊಗೆ ನಿಮಿಷಗಳಲ್ಲಿ ಮೇಲಿನ ಮಹಡಿಗೆ ಹೋಗುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇಂಥ ಜಾಗಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು ಅನ್ನುತ್ತದೆ. ಯಾರೋ ಮಾಮೂಲಿ ಫೋಮ್ ಹೊಡೆದು ಹೋಗಲು ಬಿಡಬೇಡಿ.

ಮೇಲೆ ಬಣ್ಣ ಯಾವಾಗ?

ಗಾರೆ ಪೂರ್ತಿ ಒಣಗಿ ಬಣ್ಣ ತಿಳಿಯಾದ ಮೇಲೆ. ಎರಡು ವಾರವಾದರೂ ಬಿಡಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ನಲ್ಲಿ ಪೈಪಾದರೆ ಬಣ್ಣವೇ ಬೇಕಿಲ್ಲ, ಪೈಪಿನ ಸುತ್ತ ಕೂರುವ ಸ್ಟೀಲ್ ಬಿಲ್ಲೆ (ಫ್ಲೇಂಜ್) ಒತ್ತಿದರೆ ಚೆಂದವೂ ಆಗುತ್ತದೆ.

ಬಾಡಿಗೆ ಮನೆಯಲ್ಲಿದ್ದೀವಿ, ಎಷ್ಟು ಮಾಡೋದು?

ಫೋಟೊ ತೆಗೆದು ಮಾಲೀಕರಿಗೆ ಕಳಿಸಿ, ಕೇಳಿ ಮಾಡಿ. ಸ್ಟೀಲ್ ಸ್ಕ್ರಬರ್ ಮತ್ತು ಅಕ್ರಿಲಿಕ್ ಸೀಲೆಂಟ್ ಎರಡರಲ್ಲೇ ನೀರಿನ ಪೈಪಿನ ಸುತ್ತಲಿನ ತೂತುಗಳೆಲ್ಲ ಮುಚ್ಚುತ್ತವೆ.

ಹೊಸ ಮನೆ ಕಟ್ತಿದ್ದೀವಿ. ಈ ತಲೆನೋವೇ ಬರದಂತೆ ಏನು ಮಾಡಬೇಕು?

ಪ್ಲಾಸ್ಟರಿಂಗ್ ಮೊದಲು ಮೇಸ್ತ್ರಿಗೆ ಹೇಳಿ, ಮುಂದೆ ಬೇಕಾಗಬಹುದಾದ ಕಡೆಯೆಲ್ಲ ಪಿವಿಸಿ ಪೈಪಿನ ತುಂಡು ಹೊರಗಡೆಗೆ ಇಳಿಜಾರಾಗಿ ಕೂರಿಸಿ, ಎರಡೂ ಕಡೆ ಮುಚ್ಚಳ ಹಾಕಿಸಿಡಿ. ಹಾಲಿನಲ್ಲಿ ಟಿವಿ ಹಿಂದೆ ಒಂದು, ಮಲಗುವ ಕೋಣೆಯಲ್ಲಿ ಎಸಿಗೆ 3 ಇಂಚಿನದೊಂದು, ಅಡುಗೆಮನೆಯಲ್ಲಿ ಫಿಲ್ಟರಿಗೆ ಮತ್ತು ಚಿಮಣಿಗೆ, ತಾರಸಿಯಿಂದ ಇನ್ವರ್ಟರಿನ ಜಾಗಕ್ಕೆ ಒಂದು. ಪೈಪು, ವೈರು ಹಾಕಿ ಮುಗಿದು ಗೋಡೆ ಇನ್ನೂ ಬೋಳಾಗಿರುವಾಗ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ. ಫೋನಿನಲ್ಲಿ ಮಾತ್ರ ಬಿಡಬೇಡಿ, ಪ್ರಿಂಟ್ ಹಾಕಿಸಿ ಮನೆಪತ್ರದ ಜೊತೆಗೇ ಇಡಿ.